ಅಡಿಕೆ ದಂಬೆ, ಗೋಲಿ ಮತ್ತು ಗೆಲಿಲಿಯೊನ ತಪ್ಪು

ಮಳೆಗಾಲದ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಕುಳಿತು ಸೂರಿನಿಂದ ಇಳಿಯುವ ನೀರನ್ನು ನೋಡುವುದು ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡಿರುವ ಚಟ. ಹಂಚಿನ ಅಂಚಿನಲ್ಲಿ ಅದು ದಾರದಂತೆ ಅಖಂಡವಾಗಿರುತ್ತದೆ. ಆಳೆತ್ತರ ಇಳಿಯುವಷ್ಟರಲ್ಲಿ ದಾರ ಹರಿದು ಮಣಿಗಳಾಗುತ್ತದೆ. ಅಂಗಳ ಮುಟ್ಟುವ ಹೊತ್ತಿಗೆ ಮಣಿಗೂ ಮಣಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಅಂತರ ಬಿದ್ದಿರುತ್ತದೆ. ನನ್ನ ಕೈಯಲ್ಲಿ ಕಲಿತ ನೀವೆಲ್ಲರೂ ಈ ದೃಶ್ಯವನ್ನು ನೋಡಿದ್ದೀರಿ. ನಾನೂ ಬಾಲ್ಯದಿಂದ ನೋಡಿದ್ದೆ. ಆದರೆ ಮೂವತ್ತು ವರ್ಷಗಳಿಗೂ ಮಿಕ್ಕಿ ಚಲನೆಯ ಪಾಠ ಮಾಡಿದ ನನಗೆ, ಆ ಪಾಠದ ಅತ್ಯಂತ ಹಳೆಯ ಪ್ರಯೋಗ ನಮ್ಮ ಮನೆಯ ಸೂರಿನಲ್ಲೇ ನಡೆಯುತ್ತಿದೆ ಎಂಬುದು ತಿಳಿದದ್ದು ಬಹಳ ತಡವಾಗಿ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಥೆನ್ಸಿನಲ್ಲಿ ಸ್ಟ್ರಾಟೊ ಎಂಬ ವಿದ್ವಾಂಸನಿದ್ದ. ಅರಿಸ್ಟಾಟಲನು ಸ್ಥಾಪಿಸಿದ ವಿದ್ಯಾಪೀಠಕ್ಕೆ ಥಿಯೊಫ್ರಾಸ್ಟಸನ ನಂತರ ಮುಖ್ಯಸ್ಥನಾದವನು. ಅವನ ಗ್ರಂಥಗಳು ಉಳಿದಿಲ್ಲ. ಆದರೆ ಸುಮಾರು ಎಂಟು ನೂರು ವರ್ಷಗಳ ನಂತರ ಬಂದ ಸಿಂಪ್ಲಿಸಿಯಸ್ ಎಂಬ ವ್ಯಾಖ್ಯಾನಕಾರನು ಅವನ ಒಂದು ವಾದವನ್ನು ಬರೆದಿಟ್ಟಿದ್ದಾನೆ. ಎತ್ತರದಿಂದ ಸುರಿಯುವ ನೀರು ಮೇಲೆ ಅಖಂಡವಾಗಿಯೂ ಕೆಳಗೆ ತುಂಡುತುಂಡಾಗಿಯೂ ಕಾಣುವುದೇಕೆ? ಬೀಳುವ ವಸ್ತು ಕೆಳಗಿಳಿದಂತೆಲ್ಲ ಹೆಚ್ಚು ಹೆಚ್ಚು ವೇಗ ಪಡೆಯುವುದರಿಂದ ಎಂಬುದು ಅವನ ಉತ್ತರ. ಹನಿಗಳಾಗಿ ಒಡೆಯುವುದರಲ್ಲಿ ನೀರಿನ ಮೇಲ್ಮೈ ಎಳೆತದ ಪಾತ್ರವೂ ಇದೆಯೆಂದು ಇಂದು ನಾವು ಬಲ್ಲೆವು. ಆದರೆ ಹನಿಗಳ ನಡುವಿನ ಅಂತರ ಬೆಳೆಯುವುದಕ್ಕೆ ಸ್ಟ್ರಾಟೊ ಕೊಟ್ಟ ಕಾರಣ ಸರಿಯಾದದ್ದೇ.

ವೇಗ ಹೆಚ್ಚುತ್ತದೆ, ಸರಿ. ಯಾವ ಲೆಕ್ಕದಲ್ಲಿ ಹೆಚ್ಚುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಮನುಷ್ಯನಿಗೆ ಸುಮಾರು ಸಾವಿರದ ಒಂಬೈನೂರು ವರ್ಷಗಳು ಬೇಕಾದವು. ಆ ಉತ್ತರವನ್ನು ನಾನು ಒಂಬತ್ತನೆಯ ತರಗತಿಯಲ್ಲಿ ನಲವತ್ತು ನಿಮಿಷದ ಒಂದು ಪಿರಿಯಡ್ಡಿನಲ್ಲಿ ಮುಗಿಸುತ್ತಿದ್ದೆ. ಕರಿಹಲಗೆಯ ಮೇಲೆ ಮೂರು ಸಮೀಕರಣ ಬರೆದು, ಅಂತಿಮ ವೇಗ, ಆರಂಭಿಕ ವೇಗ, ವೇಗೋತ್ಕರ್ಷ, ಕಾಲ, ಸ್ಥಾನಪಲ್ಲಟ ಎಂದು ಹೆಸರು ಹೇಳಿಸಿ, ಎರಡು ಲೆಕ್ಕ ಮಾಡಿಸಿದರೆ ಪಾಠ ಮುಗಿಯಿತು. ಹಾಗೆ ಮುಗಿಸಿದ್ದರಿಂದ ನಾನು ಒಬ್ಬ ಹುಡುಗನಿಗೆ ಮಾಡಿದ ಅನ್ಯಾಯವೊಂದು ಈ ಬರಹಕ್ಕೆ ಕಾರಣ. ಅದನ್ನು ಹೇಳುವ ಮೊದಲು ಕಥೆಯನ್ನು ಕ್ರಮವಾಗಿ ಹೇಳಬೇಕಾಗುತ್ತದೆ.

ಹದಿನಾಲ್ಕನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಬ್ರಾಡ್‌ವರ್ಡೀನ್, ಹೇಟ್ಸ್‌ಬರಿ, ಸ್ವೈನ್ಸ್‌ಹೆಡ್ ಮೊದಲಾದವರ ಒಂದು ಗುಂಪಿತ್ತು. ಸಮನಾಗಿ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುವ ವಸ್ತುವು ಒಂದು ಅವಧಿಯಲ್ಲಿ ಎಷ್ಟು ದೂರ ಹೋಗುತ್ತದೆಯೋ, ಆ ಅವಧಿಯ ನಟ್ಟನಡುವಿನ ಕ್ಷಣದಲ್ಲಿ ಅದಕ್ಕಿದ್ದ ವೇಗದಲ್ಲೇ ಏಕರೂಪವಾಗಿ ಸಾಗಿದ್ದರೂ ಅಷ್ಟೇ ದೂರ ಹೋಗುತ್ತಿತ್ತು ಎಂಬ ನಿಯಮವನ್ನು ಅವರು ಕಂಡುಕೊಂಡರು. ಹೇಟ್ಸ್‌ಬರಿಯ 1335ರ ಗ್ರಂಥದಲ್ಲಿ ಅದು ಬರುತ್ತದೆ. ಕೆಲವು ದಶಕಗಳೊಳಗೆ ಫ್ರಾನ್ಸಿನ ನಿಕೊಲ್ ಒರೆಮ್ ಎಂಬ ಪಾದ್ರಿ ಅದನ್ನು ತ್ರಿಕೋನದ ಚಿತ್ರ ಬರೆದು ತೋರಿಸಿದ. ನಾನು ನಿಮ್ಮಿಂದ ಗ್ರಾಫ್ ಹಾಳೆಯ ಮೇಲೆ ಬರೆಯಿಸುತ್ತಿದ್ದ ವೇಗ-ಕಾಲ ನಕ್ಷೆಯ ಮೂಲಪುರುಷ ಅವನು. ವಿಚಿತ್ರವೆಂದರೆ, ಈ ಮಹನೀಯರಲ್ಲಿ ಯಾರೂ ಒಂದು ಕಲ್ಲನ್ನು ಕೈಬಿಟ್ಟು ಈ ನಿಯಮ ಅದಕ್ಕೆ ಹೊಂದುತ್ತದೆಯೇ ಎಂದು ಅಳೆದು ನೋಡಲಿಲ್ಲ. ಅವರಿಗೆ ಅದು ತರ್ಕದ ಕಸರತ್ತಾಗಿತ್ತು. ಬೀಳುವ ವಸ್ತುವಿಗೆ ಇದೇ ನಿಯಮ ಅನ್ವಯಿಸುತ್ತದೆಂದು ಹದಿನಾರನೆಯ ಶತಮಾನದ ಮಧ್ಯದಲ್ಲಿ ಸ್ಪೇನಿನ ದೊಮಿಂಗೊ ದೆ ಸೊತೊ ಒಂದು ಮಾತು ಹೇಳಿ ಹೋದ, ಅಷ್ಟೆ. ಅಳತೆ ಅಲ್ಲೂ ಇಲ್ಲ.

ಅಳೆಯಲು ಹೊರಟವನು ಗೆಲಿಲಿಯೊ. ಪೀಸಾ ಗೋಪುರದ ಕಥೆಯನ್ನು ನಾನೂ ನಿಮಗೆ ಹೇಳಿದ್ದೇನೆ. ಅದು ಅವನ ಶಿಷ್ಯ ವಿವಿಯಾನಿ ಬರೆದ ಜೀವನಚರಿತ್ರೆಯಿಂದ ಬಂದದ್ದು, ಗೆಲಿಲಿಯೊ ತಾನೇ ಎಲ್ಲಿಯೂ ಬರೆದಿಲ್ಲ. ಅವನು ಬರೆದಿರುವುದು ಹಲಗೆಯ ವಿಷಯವನ್ನು. ನೆಟ್ಟಗೆ ಬೀಳುವ ವಸ್ತು ಕಣ್ಣಿಗೆ ಸಿಕ್ಕದಷ್ಟು ಬೇಗ ನೆಲ ಸೇರುತ್ತದೆ, ಸೆಕೆಂಡುಗಳನ್ನು ನಂಬುವಂತೆ ಅಳೆಯುವ ಗಡಿಯಾರ ಅವನ ಬಳಿ ಇರಲಿಲ್ಲ. ಆದಕಾರಣ ಬೀಳುವಿಕೆಯನ್ನೇ ನಿಧಾನಗೊಳಿಸುವ ಉಪಾಯವನ್ನು ಅವನು ಹುಡುಕಿದ. ಹನ್ನೆರಡು ಮೊಳ ಉದ್ದ, ಅರ್ಧ ಮೊಳ ಅಗಲ, ಮೂರು ಬೆರಳು ದಪ್ಪದ ಮರದ ತೊಲೆ. ಆ ಸೀಮೆಯ ಮೊಳ ನಮ್ಮದಕ್ಕಿಂತ ಉದ್ದ, ಹೆಚ್ಚುಕಡಿಮೆ 58 ಸೆಂಟಿಮೀಟರ್, ಅಂದರೆ ತೊಲೆ ಸುಮಾರು ಏಳು ಮೀಟರಿನದು. ಅದರ ಮೇಲೆ ಬೆರಳಗಲಕ್ಕಿಂತ ತುಸು ಹೆಚ್ಚಿನ ನೇರವಾದ ತೋಡು. ತೋಡಿನೊಳಗೆ ನುಣುಪಾಗಿ ಉಜ್ಜಿದ ಚರ್ಮದ ಹಾಳೆ ಅಂಟಿಸಿ, ಒಂದು ತುದಿಯನ್ನು ಒಂದೆರಡು ಮೊಳ ಎತ್ತರಿಸಿ, ಗಟ್ಟಿಯಾದ ಗುಂಡನೆಯ ಕಂಚಿನ ಗುಂಡನ್ನು ಉರುಳಿಬಿಟ್ಟ.

ಕಾಲವನ್ನು ಅಳೆದ ಬಗೆ ಇನ್ನೂ ಸೊಗಸು. ನೀರು ತುಂಬಿದ ದೊಡ್ಡ ಪಾತ್ರೆಯ ತಳಕ್ಕೆ ಸಣ್ಣ ಕೊಳವೆ. ಗುಂಡು ಹೊರಟಾಗಿನಿಂದ ನಿಲ್ಲುವವರೆಗೆ ಕೊಳವೆಯಿಂದ ಬಿದ್ದ ನೀರನ್ನು ಲೋಟದಲ್ಲಿ ಹಿಡಿದು ಸೂಕ್ಷ್ಮ ತಕ್ಕಡಿಯಲ್ಲಿ ತೂಗುವುದು. ನೀರಿನ ತೂಕವೇ ಕಾಲ! ನಮ್ಮ ಹಿರಿಯರು ಮದುವೆಯ ಮುಹೂರ್ತಕ್ಕೆ ತಳದಲ್ಲಿ ತೂತಿದ್ದ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು ಅದು ಮುಳುಗುವುದನ್ನು ಕಾಯುತ್ತಿದ್ದರು. ನಮ್ಮದು ಒಂದು ಗಳಿಗೆ ಕಳೆಯಿತೆಂದು ಹೇಳುವ ಬಟ್ಟಲು, ಅವನದು ಗಳಿಗೆಯ ಚೂರನ್ನೂ ತೂಗಿ ಹೇಳುವ ಪಾತ್ರೆ. ಪೂರಾ ನೂರು ಬಾರಿ ಮಾಡಿ ನೋಡಿದೆ, ನಾಡಿಯ ಒಂದು ಬಡಿತದ ಹತ್ತನೆಯ ಒಂದು ಭಾಗದಷ್ಟೂ ವ್ಯತ್ಯಾಸ ಬರಲಿಲ್ಲ ಎಂಬುದು ಅವನ ಹೇಳಿಕೆ. ಇದನ್ನು ಅವನ ಸಮಕಾಲೀನ ಮೆರ್ಸೆನ್ ಸಂದೇಹಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಕೊಯ್ರೆ ಎಂಬ ದೊಡ್ಡ ಇತಿಹಾಸಕಾರನು, ಇಷ್ಟು ಒರಟು ಸಲಕರಣೆಯಿಂದ ಅಷ್ಟು ನಿಖರತೆ ಅಸಾಧ್ಯವೆಂದು ಗೇಲಿಯನ್ನೇ ಮಾಡಿದ. 1961ರಲ್ಲಿ ಥಾಮಸ್ ಸೆಟ್ಲ್ ಎಂಬಾತ ಅಂಥದೇ ಸಲಕರಣೆ ಹೂಡಿ ಪ್ರಯೋಗ ಮಾಡಿದಾಗ, ಗೆಲಿಲಿಯೊ ಹೇಳಿದಷ್ಟು ನಿಖರತೆ ಸಾಧ್ಯವೆಂದೇ ಕಂಡುಬಂತು. ಪುಸ್ತಕದ ಮುಂದೆ ಕುಳಿತು ಪ್ರಯೋಗವನ್ನು ಅಲ್ಲಗಳೆಯುವುದು ಸುಲಭ. ನಾನೂ ಆ ಜಾತಿಗೆ ಸೇರಿದವನೇ ಎಂಬುದು ಮುಂದೆ ತಿಳಿಯುತ್ತದೆ.

ಫಲಿತಾಂಶ ನಿಮಗೆ ಗೊತ್ತು. ಕಾಲ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು, ಕಾಲ ಮೂರು ಪಟ್ಟಾದರೆ ದೂರ ಒಂಬತ್ತು ಪಟ್ಟು. ಬೇರೆ ರೀತಿಯಲ್ಲಿ ಹೇಳುವುದಾದರೆ, ಒಂದೇ ಅಳತೆಯ ಕಾಲಾವಧಿಗಳಲ್ಲಿ ಗುಂಡು ಕ್ರಮಿಸುವ ದೂರಗಳು ಒಂದು, ಮೂರು, ಐದು, ಏಳು ಎಂಬ ಬೆಸಸಂಖ್ಯೆಗಳ ಸಾಲಾಗಿ ಬರುತ್ತವೆ.

ಈಗ ಆ ಹುಡುಗನ ವಿಷಯ. ಹೆಸರು ಹೇಳುವುದಿಲ್ಲ. ಅವನ ತರಗತಿಯವರು ಇದನ್ನು ಓದಿದರೆ ಊಹಿಸಿಯೇ ಊಹಿಸುತ್ತಾರೆ. ಒಂಬತ್ತನೆಯ ತರಗತಿ. ಚಲನೆಯ ಪಾಠ ಮುಗಿದ ಮೇಲೆ, ಮನೆಯಲ್ಲಿ ಸಿಗುವ ವಸ್ತುಗಳಿಂದ ಏನಾದರೊಂದು ಪ್ರಯೋಗ ಮಾಡಿ ವರದಿ ಬರೆದುಕೊಂಡು ಬನ್ನಿ ಎಂದಿದ್ದೆ. ಹೆಚ್ಚಿನವರು ಪುಸ್ತಕದ ಚಿತ್ರವನ್ನು ನಕಲು ಮಾಡಿ ತಂದರು. ಈ ಹುಡುಗ ಒಂದು ಅಡಿಕೆ ದಂಬೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ನಮ್ಮ ಕಡೆಯವರಲ್ಲದ ಓದುಗರಿಗಾಗಿ ಹೇಳುತ್ತೇನೆ: ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ಕೆತ್ತಿ ತೆಗೆದರೆ ನೀರು ಹಾಯಿಸಲು ಬರುವ ದೋಣಿಯಂಥ ಕಾಲುವೆ ಸಿಗುತ್ತದೆ, ಅದೇ ದಂಬೆ. ಹನ್ನೆರಡು ಹದಿಮೂರು ಅಡಿ ಉದ್ದವಿದ್ದಿರಬೇಕು. ಒಂದು ತುದಿಯ ಅಡಿಗೆ ಮೂರು ಇಟ್ಟಿಗೆ ಇಟ್ಟು, ಗಾಜಿನ ಗೋಲಿಯೊಂದನ್ನು ಉರುಳಿಬಿಟ್ಟ. ಕಾಲ ಅಳೆಯಲು ಅವನ ಬಳಿ ಗಡಿಯಾರವಿರಲಿಲ್ಲ. ಭಜನೆಯಲ್ಲಿ ತಾಳ ಹಾಕುತ್ತಿದ್ದ ಗೆಳೆಯನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. ಅವನು ತಾಳ ಹಾಕಿದ ಹಾಗೆ ಇವನು ಗೋಲಿ ಇದ್ದಲ್ಲಿ ಸುಣ್ಣದ ಗುರುತು ಹಾಕುವುದು. ಮತ್ತೆ ಬಿಡುವುದು, ಮತ್ತೆ ಗುರುತು ತಿದ್ದುವುದು. ಹೀಗೆ ಮಾಡಿ ಮಾಡಿ, ಮೊದಲ ತಾಳಕ್ಕೆ ಒಂದು ಗೇಣು, ಎರಡನೆಯದಕ್ಕೆ ಮೂರು ಗೇಣು, ಮೂರನೆಯದಕ್ಕೆ ಐದು, ನಾಲ್ಕನೆಯದಕ್ಕೆ ಏಳು, ಎಲ್ಲವೂ ಹೆಚ್ಚುಕಡಿಮೆ ಎಂದು ಬರೆದಿದ್ದ. ನಾನು ಬೆಸಸಂಖ್ಯೆಗಳ ವಿಷಯವನ್ನು ಪಾಠದಲ್ಲಿ ಹೇಳಿಯೇ ಇರಲಿಲ್ಲ.

ಅದರ ಕೆಳಗೆ ಕಾರಣ ಬರೆಯಬೇಕಿತ್ತು. ಅವನು ಬರೆದದ್ದರ ಸಾರ ಇದು: ಗೋಲಿ ಎಷ್ಟು ದೂರ ಬಂದಿದೆಯೋ ಅಷ್ಟು ವೇಗ ಅದಕ್ಕೆ ಬರುತ್ತದೆ, ದೂರ ಎರಡರಷ್ಟಾದರೆ ವೇಗವೂ ಎರಡರಷ್ಟು.

ನಾನು ಆ ವಾಕ್ಯದ ಅಡಿಗೆ ಕೆಂಪು ಗೀಟು ಎಳೆದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಮೇಷ್ಟ್ರ ಕೆಲಸವಾಗುತ್ತಿತ್ತು. ನಾನು ಅದನ್ನು ತರಗತಿಗೆ ಗಟ್ಟಿಯಾಗಿ ಓದಿ ಹೇಳಿ, “ಕರಿಹಲಗೆಯ ಮೇಲೆ ವೇಗ ಕಾಲವನ್ನು ಅವಲಂಬಿಸಿದೆ ಎಂದು ಬರೆದಿದ್ದೆನಲ್ಲ, ಆಗ ಇವರು ತೋಟದಲ್ಲಿದ್ದರೋ?” ಎಂದೆ. ತರಗತಿ ನಕ್ಕಿತು. ತಾಳದ ವಿಷಯಕ್ಕೂ ಒಂದು ಮಾತು ಸೇರಿಸಿದೆ: ಇದು ವಿಜ್ಞಾನದ ತರಗತಿ, ಭಜನಾ ಮಂದಿರವಲ್ಲ ಎಂದು. ಹತ್ತಕ್ಕೆ ಎರಡು ಅಂಕ. ದಂಬೆ ಎರಡು ದಿನ ಶಾಲೆಯ ಜಗಲಿಯಲ್ಲಿ ಬಿದ್ದಿತ್ತು, ಆಮೇಲೆ ಕಾಣಲಿಲ್ಲ. ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ನನ್ನ ಪಾಠದಲ್ಲಿ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನು ಆಗ ನಾನು ಗಮನಿಸಲೂ ಇಲ್ಲ.

ಹತ್ತು ಹನ್ನೆರಡು ವರ್ಷ ಕಳೆದಿರಬೇಕು. ರಜೆಯಲ್ಲಿ ಮೈಸೂರಿನಲ್ಲಿ ಬಂಧುಗಳ ಮನೆಯಲ್ಲಿದ್ದಾಗ, ಹೊತ್ತು ಹೋಗದೆ ಅವರ ಕಪಾಟಿನಲ್ಲಿದ್ದ ಗೆಲಿಲಿಯೊನ ಬಗೆಗಿನ ಪುಸ್ತಕವೊಂದನ್ನು ತೆಗೆದೆ. ಅದರಲ್ಲಿ 1604ರ ಅಕ್ಟೋಬರ್ 16ರಂದು ಪಾದುವಾದಿಂದ ಗೆಲಿಲಿಯೊ ತನ್ನ ಗೆಳೆಯ ಪಾವ್ಲೊ ಸಾರ್ಪಿಗೆ ಬರೆದ ಪತ್ರದ ವಿಷಯವಿತ್ತು. ಬೀಳುವ ವಸ್ತು ಕ್ರಮಿಸುವ ದೂರ ಕಾಲದ ವರ್ಗಕ್ಕೆ ಅನುಗುಣವಾಗಿದೆ, ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು ಬೆಸಸಂಖ್ಯೆಗಳ ಸಾಲಿನಲ್ಲಿವೆ ಎಂದು ಆ ಪತ್ರದಲ್ಲಿ ಬರೆದಿದ್ದಾನೆ. ಇದಕ್ಕೆಲ್ಲ ಆಧಾರವಾಗಿ ಅವನು ಇಟ್ಟುಕೊಂಡ ಮೂಲತತ್ತ್ವವನ್ನೂ ಬರೆದಿದ್ದಾನೆ: ವಸ್ತುವಿನ ವೇಗ, ಅದು ಹೊರಟಲ್ಲಿಂದ ಬಂದ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆ!

ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತೆ. ಉತ್ತರ ಸರಿ, ಹಂತ ತಪ್ಪು. ಅದೇ ಬೆಸಸಂಖ್ಯೆಗಳು, ಅದೇ ತಪ್ಪು ಕಾರಣ. ಆಗ ಗೆಲಿಲಿಯೊ ನಲವತ್ತು ವರ್ಷದ ಗಣಿತ ಪ್ರಾಧ್ಯಾಪಕ. ನನ್ನ ಹುಡುಗನಿಗೆ ಹದಿನಾಲ್ಕು.

ಈ ತಪ್ಪು ಅಷ್ಟು ಸಹಜವೇಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಗೂಟವನ್ನು ನೆಲಕ್ಕೆ ಹೊಡೆಯುವ ಭಾರವನ್ನು ನೆನೆಯಿರಿ. ಒಂದು ಮೊಳ ಎತ್ತರದಿಂದ ಬಿಟ್ಟರೆ ಒಂದಿಷ್ಟು ಇಳಿಸುತ್ತದೆ, ಎರಡು ಮೊಳದಿಂದ ಬಿಟ್ಟರೆ ಅದರ ಎರಡರಷ್ಟು ಪರಿಣಾಮ. ಎತ್ತರ ಎರಡು ಪಟ್ಟಾದಾಗ ಪೆಟ್ಟು ಎರಡು ಪಟ್ಟಾಗುವುದಾದರೆ ವೇಗವೂ ಎರಡು ಪಟ್ಟಾಗಿರಲೇಬೇಕಲ್ಲ? ಗೆಲಿಲಿಯೊನನ್ನು ದಾರಿ ತಪ್ಪಿಸಿದ್ದರಲ್ಲಿ ಈ ಯೋಚನೆಯೂ ಒಂದು. ಎರಡು ಪಟ್ಟಾಗುವುದು ವೇಗವಲ್ಲ, ವೇಗದ ವರ್ಗ. ನಾವಿಂದು ಚಲನಶಕ್ತಿ ಎನ್ನುವುದು ಅದನ್ನು ಅವಲಂಬಿಸಿದ್ದು, ಆ ಪರಿಕಲ್ಪನೆಯೇ ಆಗ ಹುಟ್ಟಿರಲಿಲ್ಲ. ಹುಡುಗನ ಗೋಲಿಯ ಲೆಕ್ಕದಲ್ಲೇ ನೋಡಿ. ಮೊದಲ ತಾಳದ ಕೊನೆಗೆ ಗೋಲಿ ಒಂದು ಗೇಣು ಬಂದಿದೆ. ಎರಡನೆಯದರ ಕೊನೆಗೆ ನಾಲ್ಕು ಗೇಣು ಬಂದಿದೆ, ಆದರೆ ವೇಗ ಮಾತ್ರ ಎರಡರಷ್ಟೇ. ನಾಲ್ಕನೆಯದರ ಕೊನೆಗೆ ಹದಿನಾರು ಗೇಣು, ವೇಗ ನಾಲ್ಕರಷ್ಟು. ದೂರ ಓಡುತ್ತದೆ, ವೇಗ ಕಾಲದೊಂದಿಗೆ ಹೆಜ್ಜೆ ಹಾಕುತ್ತದೆ.

ದೂರಕ್ಕೆ ಅನುಗುಣವಾಗಿ ವೇಗವೆಂಬ ನಿಯಮದಲ್ಲಿ ಇನ್ನೂ ಆಳವಾದ ತೊಡಕೊಂದಿದೆ. ಅದರ ಪ್ರಕಾರ ಅರ್ಧ ಗೇಣಿನಿಂದ ಒಂದು ಗೇಣಿಗೆ ಬರಲು ಎಷ್ಟು ಹೊತ್ತು ಬೇಕೋ, ಕಾಲು ಗೇಣಿನಿಂದ ಅರ್ಧಕ್ಕೆ ಬರಲೂ ಅಷ್ಟೇ ಹೊತ್ತು ಬೇಕು. ದೂರವೂ ಅರ್ಧ, ವೇಗವೂ ಅರ್ಧ. ಅರೆಕಾಲಿನಿಂದ ಕಾಲಿಗೆ ಬರಲೂ ಅಷ್ಟೇ. ಹೀಗೆ ಹಿಂದಕ್ಕೆ ಹೋದರೆ ಅರ್ಧದ ಅರ್ಧಗಳಿಗೆ ಕೊನೆಯೇ ಇಲ್ಲ, ಪ್ರತಿಯೊಂದಕ್ಕೂ ಅಷ್ಟೇ ಕಾಲ. ಅಂದರೆ ನಿಶ್ಚಲವಾಗಿರುವ ಗೋಲಿ ಎಂದೆಂದಿಗೂ ಹೊರಡಲಾರದು! ನಿಂತಿರುವಾಗ ದೂರ ಸೊನ್ನೆ, ಆದ್ದರಿಂದ ವೇಗ ಸೊನ್ನೆ, ಆದ್ದರಿಂದ ಮುಂದೆಯೂ ದೂರ ಸೊನ್ನೆ. ಕಾಲ ಹಾಗಲ್ಲ. ಗೋಲಿ ನಿಂತಿರಲಿ ಬಿಡಲಿ, ಕಾಲ ಮುಂದೆ ಸಾಗುತ್ತಲೇ ಇರುತ್ತದೆ. ಇದಕ್ಕೆ ಗಟ್ಟಿಯಾದ ಗಣಿತದ ಸಾಧನೆಯನ್ನು ಕೊಟ್ಟವನು ಫ್ರಾನ್ಸಿನ ಫೆರ್ಮಾ, 1646ರಲ್ಲಿ, ಗಸ್ಸೆಂಡಿಗೆ ಬರೆದ ಪತ್ರದಲ್ಲಿ. ಗೆಲಿಲಿಯೊ ತಾನು ಕೊಟ್ಟ ಖಂಡನೆ ಅಷ್ಟು ಬಿಗಿಯಾಗಿಲ್ಲವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ತಪ್ಪನ್ನು ತಪ್ಪೆಂದು ತೋರಿಸುವುದೂ ಎಷ್ಟು ಕಷ್ಟ ನೋಡಿ. ನಾನು ಒಂದು ಗೀಟಿನಲ್ಲಿ ಮುಗಿಸಿದ್ದೆ.

ಗೆಲಿಲಿಯೊ ಈ ತಪ್ಪಿನಿಂದ ಹೊರಬರಲು ಕೆಲವು ವರ್ಷಗಳೇ ಹಿಡಿದವು. ಅದು ಅಚ್ಚಾದದ್ದಂತೂ 1638ರಲ್ಲಿ, ಹಾಲೆಂಡಿನ ಲೈಡನ್ ನಗರದಲ್ಲಿ, ‘ಎರಡು ಹೊಸ ವಿಜ್ಞಾನಗಳು’ ಎಂಬ ಸಂಭಾಷಣೆಯ ರೂಪದ ಗ್ರಂಥದಲ್ಲಿ. 1633ರ ವಿಚಾರಣೆಯ ನಂತರ ಅವನು ಫ್ಲಾರೆನ್ಸ್ ಬಳಿಯ ಆರ್ಚೆತ್ರಿಯ ಮನೆಯಲ್ಲಿ ಬಂಧನದಲ್ಲಿದ್ದ, ಗ್ರಂಥ ಹೊರಬರುವ ಹೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ಆ ಗ್ರಂಥದ ಮೂರನೆಯ ದಿನದ ಸಂಭಾಷಣೆಯಲ್ಲಿ ಸಾಗ್ರೆದೊ ಎಂಬ ಪಾತ್ರಧಾರಿ, ವೇಗವು ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂದು ಹೇಳಿದರೆ ಇನ್ನಷ್ಟು ಸ್ಪಷ್ಟವಾಗುವುದಲ್ಲವೇ ಎಂದು ಕೇಳುತ್ತಾನೆ. ಗೆಲಿಲಿಯೊನ ಪರವಾಗಿ ಮಾತನಾಡುವ ಸಾಲ್ವಿಯಾತಿ ನಗುವುದಿಲ್ಲ. ಈ ತಪ್ಪಿನಲ್ಲಿ ತನಗೊಬ್ಬ ಜೊತೆಗಾರ ಸಿಕ್ಕಿದ್ದು ಸಮಾಧಾನ ತಂದಿತೆನ್ನುತ್ತಾನೆ. ನಮ್ಮ ಗ್ರಂಥಕರ್ತನೂ ಕೆಲಕಾಲ ಇದೇ ಭ್ರಮೆಯಲ್ಲಿದ್ದುದಾಗಿ ಒಪ್ಪಿಕೊಂಡಿದ್ದಾನೆಂದು ಸೇರಿಸುತ್ತಾನೆ. ಎಪ್ಪತ್ತನಾಲ್ಕರ ಕುರುಡ ಮುದುಕ ತನ್ನ ಜೀವಮಾನದ ಗ್ರಂಥದ ನಡುವೆ ಈ ಮಾತನ್ನು ಉಳಿಸಿಕೊಂಡಿದ್ದ. ನಾನು ಮೂವತ್ತೈದರ ಮೇಷ್ಟ್ರು, ಅದೇ ಜಾಗದಲ್ಲಿ ತೋಟದ ಜೋಕು ಮಾಡಿದ್ದೆ.

ತಾಳದ ವಿಷಯ ಇನ್ನೂ ಬಾಕಿ ಇದೆ. ಕೆನಡಾದ ಸ್ಟಿಲ್‌ಮನ್ ಡ್ರೇಕ್ ಎಂಬ ವಿದ್ವಾಂಸ 1970ರ ದಶಕದಲ್ಲಿ ಫ್ಲಾರೆನ್ಸಿನ ಗ್ರಂಥಾಲಯದಲ್ಲಿರುವ ಗೆಲಿಲಿಯೊನ ಹಸ್ತಪ್ರತಿಗಳನ್ನು ಪರೀಕ್ಷಿಸಿದ. 107ನೆಯ ಹಾಳೆಯ ಹಿಂಬದಿಯಲ್ಲಿ ಒಂದು ಸಣ್ಣ ಅಂಕಣವಿದೆ: 33, 130, 298, 526, 824, 1192, 1620, 2104. ಪಕ್ಕದಲ್ಲಿ 1, 4, 9, 16 ಎಂದು 64ರವರೆಗೆ ವರ್ಗಸಂಖ್ಯೆಗಳು. ಪೆನ್ಸಿಲ್ ಹಿಡಿದು ಗುಣಿಸಿ ನೋಡಿ. 33ನ್ನು 4ರಿಂದ ಗುಣಿಸಿದರೆ 132, ಅಲ್ಲಿರುವುದು 130. 9ರಿಂದ 297, ಅಲ್ಲಿ 298. 64ರಿಂದ 2112, ಅಲ್ಲಿ 2104. ಪುಸ್ತಕದಿಂದ ನಕಲು ಮಾಡಿದವನ ಅಂಕಿಗಳು ಹೀಗಿರುವುದಿಲ್ಲ, ಅಳೆದವನ ಅಂಕಿಗಳು ಹೀಗಿರುತ್ತವೆ. ಇವು ಸಮಾನ ಕಾಲಾವಧಿಗಳ ಕೊನೆಯಲ್ಲಿ ಗುಂಡು ಇದ್ದ ಸ್ಥಾನಗಳೆಂದು ಡ್ರೇಕ್ ಅರ್ಥೈಸಿದ. ಹಾಗಾದರೆ ಕಾಲವನ್ನು ಸಮಭಾಗ ಮಾಡಿದ್ದು ಹೇಗೆ? ಗೆಲಿಲಿಯೊನ ತಂದೆ ವಿಂಚೆನ್ಸೊ ಲ್ಯೂಟ್ ಎಂಬ ತಂತಿವಾದ್ಯದ ವಿದ್ವಾಂಸ, ಮಗನೂ ಅದನ್ನು ನುಡಿಸಬಲ್ಲವನು. ವಾದ್ಯದ ಮೆಟ್ಟಿಲುಗಳಂತೆ ಹಲಗೆಗೆ ಅಡ್ಡಲಾಗಿ ಕರುಳಿನ ತಂತಿ ಕಟ್ಟಿ, ಗುಂಡು ಪ್ರತಿ ತಂತಿಯನ್ನು ದಾಟುವಾಗ ಆಗುವ ಸದ್ದು ಹಾಡಿನ ತಾಳಕ್ಕೆ ಸರಿಯಾಗಿ ಬೀಳುವವರೆಗೆ ತಂತಿಗಳನ್ನು ಸರಿಸಿರಬೇಕು ಎಂದು ಡ್ರೇಕ್ 1975ರಲ್ಲಿ ಬರೆದ. ತಾಳ ಒಂದಿಷ್ಟು ತಪ್ಪಿದರೂ ಕಿವಿ ಹಿಡಿಯುತ್ತದೆ, ಇದು ಭಜನೆಗೆ ಕುಳಿತವರಿಗೆಲ್ಲ ಗೊತ್ತು. ಎಲ್ಲ ಇತಿಹಾಸಕಾರರೂ ಈ ವಿವರಣೆಯನ್ನು ಒಪ್ಪುವುದಿಲ್ಲ. ನನಗೆ ಮಾತ್ರ ಅದನ್ನು ಓದಿದಾಗ ಎರಡನೆಯ ಪೆಟ್ಟು ಬಿದ್ದಂತಾಯಿತು.

ಸೂರಿನ ನೀರಿಗೆ ಮರಳುತ್ತೇನೆ. ಇಲ್ಲಿಯವರೆಗೆ ಒಂದು ವಸ್ತುವಿನ ಮಾತಾಯಿತು. ಹನಿಗಳು ಎರಡಾದಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಒಂದು ಹನಿಗೆ ಇನ್ನೊಂದು ಹೇಗೆ ಕಾಣುತ್ತದೆ? ಇದೇ ಸಾಪೇಕ್ಷ ಚಲನೆ. ಅದರ ವಂಶ ಬೇರೆ, ಅದು ದೋಣಿಯಲ್ಲಿ ಹುಟ್ಟಿದ್ದು. ಕ್ರಿ.ಶ. 499ರಲ್ಲಿ ಆರ್ಯಭಟನು ಭೂಮಿಯ ಆವರ್ತನೆಯನ್ನು ವಿವರಿಸುವಾಗ, ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುವ ಉಪಮೆಯನ್ನು ಕೊಟ್ಟ. 1377ರಲ್ಲಿ ಒರೆಮ್ ಕೂಡ ಹಡಗನ್ನೇ ಹಿಡಿದು ವಾದಿಸಿ, ಕೊನೆಗೆ ಭೂಮಿ ನಿಂತಿದೆ ಎಂಬ ಪಕ್ಷಕ್ಕೇ ಮರಳಿದ. ಗೆಲಿಲಿಯೊ 1632ರ ಗ್ರಂಥದಲ್ಲಿ ನಮ್ಮನ್ನು ಹಡಗಿನ ಒಳಕೋಣೆಗೆ ಕರೆದೊಯ್ದು ಚಿಟ್ಟೆಗಳನ್ನು, ನೀರಿನ ಪಾತ್ರೆಯ ಮೀನುಗಳನ್ನು, ತೂಗುಹಾಕಿದ ಸೀಸೆಯಿಂದ ತೊಟ್ಟಿಕ್ಕುವ ಹನಿಗಳನ್ನು ತೋರಿಸಿದ. ಹಡಗು ಅಲುಗಾಟವಿಲ್ಲದೆ ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಇವುಗಳಲ್ಲಿ ಯಾವುದೂ ಅದರ ಚಲನೆಯನ್ನು ಬಿಟ್ಟುಕೊಡುವುದಿಲ್ಲ. ಗಸ್ಸೆಂಡಿ 1640ರಲ್ಲಿ ಮಾರ್ಸೇಲ್ಸ್ ಬಂದರಿನಿಂದ ಹಡಗು ಹೊರಡಿಸಿ, ಓಡುವ ಹಡಗಿನ ಪಟಸ್ತಂಭದ ಮೇಲಿನಿಂದ ಬಿಟ್ಟ ಕಲ್ಲು ಸ್ತಂಭದ ಬುಡಕ್ಕೇ ಬೀಳುವುದನ್ನು ಜನರ ಮುಂದೆ ತೋರಿಸಿದ.

ಈ ಎರಡು ವಂಶಗಳ ಸಂಬಂಧ ಕೂಡಿಬಂದದ್ದನ್ನು ನಾನು ಪಾಠದಲ್ಲಿ ಹೇಳಲಿಲ್ಲ, ಸಾಪೇಕ್ಷ ವೇಗವೆಂದರೆ ನಮಗೆ ಎದುರುಬದುರಾಗುವ ರೈಲುಗಳ ಲೆಕ್ಕ ಮಾತ್ರವಾಗಿತ್ತು. ಈಗ ಹೇಳುತ್ತೇನೆ. ಆಳವಾದ ಬಾವಿಗೆ ಒಂದು ಕಲ್ಲು ಬಿಡಿ. ಒಂದು ಸೆಕೆಂಡಿನ ನಂತರ ಇನ್ನೊಂದನ್ನು ಬಿಡಿ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಎರಡನೆಯದನ್ನು ಬಿಡುವ ಕ್ಷಣದಲ್ಲಿ ಮೊದಲನೆಯದು 4.9 ಮೀಟರ್ ಕೆಳಗಿರುತ್ತದೆ. ಇನ್ನೊಂದು ಸೆಕೆಂಡ್ ಕಳೆದರೆ ಮೊದಲನೆಯದು 19.6, ಎರಡನೆಯದು 4.9, ಅಂತರ 14.7. ಮತ್ತೊಂದು ಸೆಕೆಂಡಿಗೆ 44.1 ಮತ್ತು 19.6, ಅಂತರ 24.5. ಅಂತರ ಪ್ರತಿ ಸೆಕೆಂಡಿಗೂ ಸರಿಯಾಗಿ 9.8 ಮೀಟರಿನಷ್ಟೇ ಬೆಳೆಯುತ್ತಿದೆ. ಎರಡೂ ಕಲ್ಲುಗಳ ವೇಗ ಕ್ಷಣಕ್ಷಣಕ್ಕೂ ಹೆಚ್ಚುತ್ತಿದೆ, ಆದರೆ ಎರಡನೆಯದರ ಮೇಲೆ ಒಂದು ಇರುವೆ ಕುಳಿತಿದ್ದರೆ ಅದಕ್ಕೆ ಮೊದಲನೆಯ ಕಲ್ಲು ಒಂದೇ ಸಮನಾದ ವೇಗದಲ್ಲಿ ದೂರ ಸರಿಯುವಂತೆ ಕಾಣುತ್ತದೆ, ವೇಗೋತ್ಕರ್ಷದ ಸುಳಿವೇ ಇಲ್ಲ. ಇನ್ನು ಆ ಅಂತರಗಳನ್ನೇ ನೋಡಿ: 4.9, 14.7, 24.5. ಒಂದು, ಮೂರು, ಐದು! ಹುಡುಗ ದಂಬೆಯ ಮೇಲೆ ಸುಣ್ಣದಲ್ಲಿ ಗುರುತಿಸಿದ್ದ ಗೇಣುಗಳು ಇವೇ. ಒಂದು ತಾಳ ತಡವಾಗಿ ಎರಡನೆಯ ಗೋಲಿ ಬಿಟ್ಟಿದ್ದರೆ, ಎರಡರ ನಡುವಿನ ಅಂತರ ತಾಳಕ್ಕೆ ಎರಡು ಗೇಣಿನಂತೆ ಏಕರೂಪವಾಗಿ ಬೆಳೆಯುತ್ತಿತ್ತು.

ಗೆಲಿಲಿಯೊ ಇದರ ಹತ್ತಿರಕ್ಕೆ ಬಂದಿದ್ದ. ಅದೇ 1638ರ ಗ್ರಂಥದಲ್ಲಿ, ದೊಡ್ಡ ಕಲ್ಲಿನ ಮೇಲೆ ಸಣ್ಣ ಕಲ್ಲನ್ನಿಟ್ಟು ಬೀಳಬಿಟ್ಟರೆ ಸಣ್ಣದು ದೊಡ್ಡದನ್ನು ಒತ್ತುವುದಿಲ್ಲ ಎನ್ನುತ್ತಾನೆ. ನಿಮ್ಮಷ್ಟೇ ವೇಗದಲ್ಲಿ ಮುಂದೆ ಓಡುತ್ತಿರುವವನನ್ನು ಭರ್ಜಿಯಿಂದ ತಿವಿಯಲು ಹೋದಂತೆ ಅದು. 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕುಳಿತಿದ್ದ ಐನ್‌ಸ್ಟೈನನಿಗೆ, ಬೀಳುತ್ತಿರುವ ಮನುಷ್ಯನಿಗೆ ತನ್ನ ಭಾರವೇ ಅರಿವಾಗದು ಎಂದು ಹೊಳೆದದ್ದು ಇದೇ ಬಳ್ಳಿಯ ಹೂವು.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಆ ಹುಡುಗ ಸಿಕ್ಕಿದ. ಹುಡುಗನೆಂದರೆ ಈಗ ತಲೆ ನರೆತ ಗೃಹಸ್ಥ, ಅಪ್ಪನ ತೋಟವನ್ನೇ ನೋಡಿಕೊಂಡಿದ್ದಾನೆ. ಕಾಲಿಗೆ ನಮಸ್ಕಾರ ಮಾಡಿದ. ಕೈ ತೊಳೆದ ಮೇಲೆ ಅವನನ್ನು ಚಪ್ಪರದ ಬದಿಗೆ ಕರೆದು ಕೂರಿಸಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಪತ್ರ, 1604, ತಂತಿಯ ತಾಳ, ಎರಡು ಅಂಕ, ನಾನು ಆಡಿದ ಮಾತು, ಎಲ್ಲವನ್ನೂ. ಅವನು ಎಲೆಯಡಿಕೆ ಹಾಕುತ್ತ ಕೇಳುತ್ತಿದ್ದ.

“ನೀವು ನಕ್ಕದ್ದು ನೆನಪಿದೆ ಸಾರ್” ಎಂದ. “ಆದರೆ ಅದಕ್ಕಿಂತ ಹೆಚ್ಚು ನೆನಪಿರುವುದು ಅಪ್ಪ ಹೊಡೆದದ್ದು. ತೋಟಕ್ಕೆ ನೀರು ಬಿಡುವ ದಂಬೆಯನ್ನೇ ಎತ್ತಿಕೊಂಡು ಬಂದಿದ್ದೆ, ಆ ದಿನ ಅರ್ಧ ತೋಟ ಒಣಗಿತ್ತು.”

ಸ್ವಲ್ಪ ಹೊತ್ತು ಬಿಟ್ಟು, “ಹಾಗಾದರೆ ಗೇಣಿನ ಲೆಕ್ಕ ಸರಿ ಇತ್ತು ಅಂತಾಯಿತು” ಎಂದ.

“ಸರಿ ಇತ್ತು” ಎಂದೆ.

“ತಾಳ ಹಾಕಿದವನಿಗೂ ಒಂದು ಮಾತು ಹೇಳಿಬಿಡಿ ಸಾರ್, ಅಲ್ಲಿ ಪಾಯಸ ಬಡಿಸುತ್ತಿದ್ದಾನೆ” ಎಂದು ಎದ್ದು ಅವನನ್ನು ಕರೆಯಲು ಹೋದ.